ಎರಡು ಸೊನ್ನೆಗಳು

ಗಾಜಿನ ನಳಿಕೆಯಲ್ಲಿ ಐದು ಮಿಲಿಲೀಟರ್ ನೀರು ತೆಗೆದುಕೊಳ್ಳಬೇಕು. ಎರಡು ಪುಟ್ಟ ಬಾಟಲಿಗಳಿಂದ ಎಂಟೆಂಟು ಹನಿ ಹಾಕಿ, ಅಲುಗಾಡಿಸಿ, ಐದು ನಿಮಿಷ ಕಾಯಬೇಕು. ನೀರು ನಿಂಬೆಹಣ್ಣಿನ ಹಳದಿಗೆ ತಿರುಗಿದರೆ ಅಮೋನಿಯಾ ಸೊನ್ನೆ ಎಂದರ್ಥ. ಹಸಿರಿಗೆ ತಿರುಗಿದಷ್ಟೂ ವಿಷ ಹೆಚ್ಚು.

ಫೆಬ್ರುವರಿಯ ಒಂದು ಭಾನುವಾರ ವಿಜಯಪುರದ ನನ್ನ ಬಾಡಿಗೆ ಕೋಣೆಯಲ್ಲಿ ಕುಳಿತು ಈ ಪರೀಕ್ಷೆ ಮಾಡಿದಾಗ ನಳಿಕೆ ಅಪ್ಪಟ ಹಳದಿಯಾಗಿತ್ತು. ಅನುಮಾನಕ್ಕೆ ಇನ್ನೊಮ್ಮೆ ಮಾಡಿದೆ, ಮತ್ತೆ ಹಳದಿ. ಅಂದೇ ಪರವೂರಿನ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಮಂಗಳವಾರ ರಾತ್ರಿ ಬಸ್ಸಿನಲ್ಲಿ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಎರಡು ನೀಲಿ ಮೀನುಗಳು ಬಂದವು. ಶನಿವಾರ ಬೆಳಿಗ್ಗೆ ಅದೇ ನಳಿಕೆ ಹಸಿರಾಗಿತ್ತು. ಭಾನುವಾರ ನಸುಕಿನಲ್ಲಿ ಎದ್ದು ನೋಡಿದರೆ ಒಂದು ಮೀನು ಕಲ್ಲಿನ ಸಂದಿಯಲ್ಲಿ ಮಗ್ಗುಲಾಗಿ ಬಿದ್ದಿತ್ತು.

ಮೀನು ಸತ್ತದ್ದು ದೊಡ್ಡ ಸುದ್ದಿಯಲ್ಲ. ಮನೆಯಲ್ಲಿ ಅಕ್ವೇರಿಯಂ ಇಟ್ಟವರೆಲ್ಲರ ಬಳಿಯೂ ಇಂಥ ಒಂದು ಕತೆ ಇರುತ್ತದೆ. ಆದರೆ ಆ ಒಂದು ವಾರ ನನ್ನನ್ನು ಬಿಟ್ಟಿಲ್ಲ. ನಾನು ಅಸಡ್ಡೆ ಮಾಡಿದ್ದರೆ ಅದನ್ನು ಮರೆಯುವುದು ಸುಲಭವಿತ್ತು. ನಾನು ಅಸಡ್ಡೆ ಮಾಡಿರಲಿಲ್ಲ. ಅಳತೆ ಮಾಡಿದ್ದೆ, ಬರೆದಿಟ್ಟುಕೊಂಡಿದ್ದೆ, ನೀರನ್ನು ಸೋಸಿದ್ದೆ. ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಒಂದು ಜೀವಕ್ಕೆ ಯಾಕೆ ಮುಳುವಾಯಿತು ಎಂಬುದು ಈ ಬರಹದ ಪ್ರಶ್ನೆ.

*

ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ, ಮಳೆಗೆ ಬಾಯಿಬಿಟ್ಟು ಕೂರುವ ಊರಿನಲ್ಲಿ ಉಪ್ಪುನೀರಿನ ತೊಟ್ಟಿ ಇಡುವುದೇ ಒಂದು ಹುಚ್ಚು. ಅವ್ವ ಅದನ್ನು ಮೊದಲ ದಿನವೇ ಹೇಳಿದ್ದಳು: "ಉಪ್ಪನೀರ ಬೇಕಂದ್ರ ಡೋಣಿಗೆ ಹೋಗಿ ಒಂದ್ ಕೊಡ ತುಂಬ್ಕೊಂಡ್ ಬಾ. ರೊಕ್ಕಾ ಕೊಟ್ಟು ಉಪ್ಪ ಯಾಕ ತರಸ್ತಿ?" ಡೋಣಿ ನಮ್ಮ ಭಾಗದ ಹೊಳೆ. ಮಹಾರಾಷ್ಟ್ರದ ಜತ್ತ ಕಡೆಯಿಂದ ಬಂದು ತಿಕೋಟಾ, ಬಬಲೇಶ್ವರ ಸೀಮೆಯ ಎರೆಭೂಮಿಯನ್ನು ಹಾದು ಕೃಷ್ಣೆಗೆ ಸೇರುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆ ಅದರ ದಂಡೆಯ ಜೋಳ, ಕಡಲೆಯದ್ದು. ಆದರೆ ನೀರು ಮಾತ್ರ ಸವುಳು, ಬಾಯಿಗೆ ಇಡಲು ಆಗದು.

ಡೋಣಿಯ ಉಪ್ಪು ಸಮುದ್ರದ ಉಪ್ಪಲ್ಲ ಎಂದು ಅವ್ವನಿಗೆ ವಿವರಿಸಿದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅದರಲ್ಲಿ ಅಡುಗೆ ಉಪ್ಪಿನ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಲೆಕ್ಕ ಹಾಕಿದಂತೆ ಇರುತ್ತವೆ. ಆ ಲೆಕ್ಕದ ಉಪ್ಪಿನ ಪುಡಿ ಪೊಟ್ಟಣದಲ್ಲಿ ಬರುತ್ತದೆ. ಆರ್‌ಓ ನೀರಿನ ಕ್ಯಾನ್ ತಂದು, ಉಪ್ಪು ಕಲಸಿ, ಇಪ್ಪತ್ತು ಲೀಟರಿನ ಗಾಜಿನ ತೊಟ್ಟಿಗೆ ಸುರಿದು, ಒಂದಷ್ಟು ಒಣ ಹವಳದ ಕಲ್ಲು ಜೋಡಿಸಿ, ಪುಟ್ಟ ಪಂಪು ಹಚ್ಚಿದರೆ ಸಮುದ್ರ ಸಿದ್ಧ. ಹಾಗಂತ ನಾನು ತಿಳಿದಿದ್ದೆ.

ಸಿದ್ಧವಾಗಿರುವುದು ಉಪ್ಪುನೀರು ಮಾತ್ರ. ಅದು ಸಮುದ್ರವಾಗುವುದಕ್ಕೆ ಇನ್ನೂ ನಾಲ್ಕಾರು ವಾರ ಬೇಕು. ಮೀನು ಉಸಿರಾಡಿದಾಗ, ವಿಸರ್ಜಿಸಿದಾಗ, ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಅದು ಮೀನಿನ ಕಿವಿರುಗಳನ್ನು ಸುಡುವ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಸೌಮ್ಯವಾದ ನೈಟ್ರೇಟ್ ಮಾಡುತ್ತವೆ. ಈ ಎರಡೂ ಪಂಗಡಗಳು ಕಲ್ಲು, ಮರಳು, ಗಾಜು ಎಲ್ಲದರ ಮೇಲೂ ಕಣ್ಣಿಗೆ ಕಾಣದ ಲೋಳೆಯಾಗಿ ಹಬ್ಬಿ ಒಕ್ಕಲಾಗಬೇಕು. ಹವ್ಯಾಸಿಗಳು ಇದಕ್ಕೆ 'ಸೈಕಲ್ ಮಾಡುವುದು' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ನೀರು ಹದಕ್ಕೆ ಬರುವುದು.

ಈ ಬ್ಯಾಕ್ಟೀರಿಯಾಗಳು ನಿಧಾನದವು. ಹಾಲನ್ನು ರಾತ್ರಿ ಬೆಳಗಾಗುವುದರೊಳಗೆ ಮೊಸರು ಮಾಡುವ ಜಾತಿಯಲ್ಲ. ಇದು ಜಗತ್ತಿಗೆ ಗೊತ್ತಾದ ಬಗೆಯೇ ಕಾಯುವಿಕೆಯ ಕತೆ. 1877ರಲ್ಲಿ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಮರಳು, ಸುಣ್ಣಕಲ್ಲು ತುಂಬಿದ ಉದ್ದನೆಯ ಕೊಳವೆಯೊಂದರಲ್ಲಿ ಚರಂಡಿ ನೀರನ್ನು ಹನಿಹನಿಯಾಗಿ ಇಳಿಸಿದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಮೇಲೆ ಹಾಕಿದ ಅಮೋನಿಯಾ ಹಾಗೆಯೇ ಕೆಳಗೆ ಬರುತ್ತಿತ್ತು. ಆಮೇಲೆ ನೈಟ್ರೇಟ್ ಕಾಣಿಸತೊಡಗಿತು. ಕೊಳವೆಗೆ ಕ್ಲೋರೋಫಾರ್ಮಿನ ಆವಿ ಹಾಯಿಸಿದರು, ಕೆಲಸ ನಿಂತಿತು. ತುಸು ತೋಟದ ಮಣ್ಣು ತೊಳೆದ ನೀರು ಹಾಕಿದರು, ಮತ್ತೆ ಸುರುವಾಯಿತು. ಇದು ಬರಿಯ ರಸಾಯನ ಕ್ರಿಯೆಯಲ್ಲ, ಜೀವಿಗಳ ಕೆಲಸ ಎಂದು ಹೀಗೆ ತಿಳಿಯಿತು. ಆ ಇಪ್ಪತ್ತು ದಿನ ಏನೂ ನಡೆಯುತ್ತಿಲ್ಲ ಎಂದು ಹದಿನೈದನೆಯ ದಿನ ಕೊಳವೆ ತೊಳೆದಿಟ್ಟಿದ್ದರೆ ಅವರಿಗೂ ಏನೂ ತಿಳಿಯುತ್ತಿರಲಿಲ್ಲ.

*

ನಾನು ಹೆಚ್ಚುಕಡಿಮೆ ಅದನ್ನೇ ಮಾಡಿದೆ. ಆದರೆ ಸೋಮಾರಿತನದಿಂದಲ್ಲ, ಸ್ವಚ್ಛತೆಯ ಆಸೆಯಿಂದ.

ಎರಡನೆಯ ವಾರ ತೊಟ್ಟಿಯ ನೀರು ಸಣ್ಣಗೆ ಹಳದಿಯಾಯಿತು. ಒಣ ಕಲ್ಲಿನ ಒಳಗೆ ಸತ್ತು ಅಂಟಿದ್ದ ಏನೋ ಕೊಳೆತು ವಾಸನೆ ಬರುತ್ತಿತ್ತು. ನೋಡಲು ಬಂದವರು ಮೂಗು ಮುಚ್ಚಿಕೊಂಡರು. ನಾನು ಆಕ್ಟಿವೇಟೆಡ್ ಕಾರ್ಬನ್ ತಂದು ಹಾಕಿದೆ. ಇದು ನಮ್ಮ ಮನೆಗಳ ನೀರು ಸೋಸುವ ಯಂತ್ರದೊಳಗೂ ಇರುವ ಇದ್ದಿಲು, ಬಹುಪಾಲು ತೆಂಗಿನ ಚಿಪ್ಪಿನದು. ಹದವಾಗಿ ಸುಟ್ಟು ಸೂಕ್ಷ್ಮ ರಂಧ್ರಗಳನ್ನು ಬಿಡಿಸಿದ ಅದರ ಒಂದು ಗ್ರಾಂ ಚೂರಿನ ಒಳಮೈಯನ್ನು ಬಿಚ್ಚಿ ಹಾಸಿದರೆ 500 ಚದರ ಮೀಟರಿಗೂ ಹೆಚ್ಚು ಎನ್ನುತ್ತಾರೆ. ಬಣ್ಣ, ವಾಸನೆ, ಕರಗಿದ ಕೊಳೆ ಎಲ್ಲ ಆ ಮೈಗೆ ಅಂಟಿಕೊಳ್ಳುತ್ತವೆ. ಎರಡೇ ದಿನಕ್ಕೆ ನನ್ನ ತೊಟ್ಟಿ ಕನ್ನಡಿಯಾಯಿತು. ಜೊತೆಗೆ ಕೊಳೆಯುವ ತುಣುಕು ಕಂಡಲ್ಲೆಲ್ಲ ಚಿಮುಟದಿಂದ ತೆಗೆದೆ, ವಾರಕ್ಕೆರಡು ಸಲ ಅರ್ಧ ನೀರು ಬದಲಿಸಿದೆ. ಮೂರನೆಯ ವಾರದ ಕೊನೆಗೆ ಅಮೋನಿಯಾ ನೋಡಿದೆ. ಸೊನ್ನೆ.

ಇಲ್ಲಿ ಇದ್ದಿಲಿನ ಮೇಲೆ ಅಪವಾದ ಹೊರಿಸಬಾರದು. ಅದು ಅಮೋನಿಯಾವನ್ನು ಹೇಳಿಕೊಳ್ಳುವಷ್ಟು ಹೀರುವುದೇ ಇಲ್ಲ. ಬ್ಯಾಕ್ಟೀರಿಯಾಗಳು ವಾಸಿಸುವುದು ಮೇಲ್ಮೈಗಳಲ್ಲಿ, ಹರಿಯುವ ನೀರಿನಲ್ಲಲ್ಲ. ಆದ್ದರಿಂದ ಇದ್ದಿಲು ಅವನ್ನು ಕೊಲ್ಲುವುದೂ ಇಲ್ಲ. ತಾನೇ ಅವುಗಳಿಗೆ ಮನೆಯಾಗಲೂಬಲ್ಲದು. ಹೊಸ ತೊಟ್ಟಿಯಲ್ಲಿ ಇದ್ದಿಲು ಹಾಕಿದರೆ ಹದಗೆಡುತ್ತದೆಯೇ ಎಂದು ಯಾರಾದರೂ ನನ್ನನ್ನು ಕೇಳಿದರೆ, ಇಲ್ಲ ಎಂದೇ ಹೇಳುತ್ತೇನೆ. ಅದು ಮಾಡಿದ್ದು ಇಷ್ಟೇ: ನೀರು ಇನ್ನೂ ಎಳಸು ಎಂದು ಹೇಳುತ್ತಿದ್ದ ಬಣ್ಣವನ್ನೂ ವಾಸನೆಯನ್ನೂ ತೆಗೆಯಿತು. ತಿಳಿಯಾದದ್ದನ್ನು ಹದವಾದದ್ದು ಎಂದು ನಾನು ಓದಿಕೊಂಡೆ.

ತಿಕೋಟಾ ಕಡೆ ದ್ರಾಕ್ಷಿ ತೋಟವಿರುವ ದೊಡ್ಡಪ್ಪನ ಮಗನಿಗೆ ಈ ಮಾತು ಹೇಳಿದಾಗ ಅವನಿಗೆ ಕೂಡಲೇ ಅರ್ಥವಾಯಿತು. ಅದು ಒಣದ್ರಾಕ್ಷಿಯ ಹಂಗಾಮು. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಗೊಂಚಲು ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಅಂತಸ್ತು ಅಂತಸ್ತಾಗಿ ಹರವುತ್ತಾರೆ. ಹಸಿರು ಹಳದಿ ಬಣ್ಣ ಉಳಿಯಲೆಂದು ಗಂಧಕದ ಹೊಗೆ ಕೊಡುವುದೂ ಇದೆ. ಹೊಗೆ ಕಾಣದೆ ಬಿಸಿಲಿಗೆ ತಾನಾಗಿ ಒಣಗಿದ್ದು ಕಂದಾಗುತ್ತದೆ. "ಪ್ಯಾಟ್ಯಾಗ ರೇಟ್ ಬಣ್ಣಕ್ಕ ಐತಿ, ರುಚಿಗಲ್ಲ," ಎಂದ ಅಣ್ಣ. "ಕಂದಂದು ಮನಿಯಾಗ ನಾವ ತಿಂತೀವಿ." ಯಾರಿಗಾಗಿ ಈ ಬಣ್ಣ ಎಂಬುದು ಅವನಿಗೆ ಸ್ಪಷ್ಟವಿತ್ತು, ಕೊಳ್ಳುವವನ ಕಣ್ಣಿಗಾಗಿ. ನನ್ನ ತೊಟ್ಟಿಯ ತಿಳಿನೀರು ಯಾರಿಗಾಗಿ ಎಂದು ನಾನು ಕೇಳಿಕೊಂಡಿರಲಿಲ್ಲ. ಮೀನಿಗೆ ಹಳದಿ ನೀರಿನಿಂದ ತೊಂದರೆಯಿರಲಿಲ್ಲ. ತೊಂದರೆಯಿದ್ದದ್ದು ನನಗೆ.

*

ಸಂಶೋಧನೆಗೆ ಸೇರಿದವರಿಗೆಲ್ಲ ಮೊದಲು ಕಲಿಸುವ ಪಾಠವೊಂದಿದೆ. ಏನೂ ಕಾಣಲಿಲ್ಲ ಎಂಬುದೂ ಏನೂ ಇಲ್ಲ ಎಂಬುದೂ ಒಂದೇ ಅಲ್ಲ. ಈ ಪಾಠವನ್ನು ನಾನು ಬೇರೆಯವರ ಪ್ರಬಂಧಗಳನ್ನು ಓದುವಾಗ ಚೆನ್ನಾಗಿ ಪ್ರಯೋಗಿಸುತ್ತೇನೆ. ನನ್ನ ಮೇಜಿನ ಮೇಲಿನ ನಳಿಕೆಗೆ ಪ್ರಯೋಗಿಸಲಿಲ್ಲ.

ಅಮೋನಿಯಾ ಸೊನ್ನೆಗೆ ಎರಡು ಅರ್ಥವಿದೆ. ಒಂದು, ವಿಷವನ್ನು ಹುಟ್ಟಿಸುವವರೇ ಇಲ್ಲ. ಇನ್ನೊಂದು, ವಿಷ ಹುಟ್ಟುತ್ತಿದೆ, ಹುಟ್ಟಿದ್ದನ್ನು ಅರಗಿಸಿಕೊಳ್ಳುವವರೂ ಇದ್ದಾರೆ. ಯಾರೂ ಕಾಲಿಡದ ಮನೆಯ ಪಡಸಾಲೆ ಸ್ವಚ್ಛವಾಗಿರುತ್ತದೆ. ದಿನಾ ನೂರು ಜನ ಉಂಡು ಹೋಗುವ ದಾಸೋಹದ ಪಡಸಾಲೆಯೂ ಸಂಜೆಗೆ ಸ್ವಚ್ಛವಾಗಿರುತ್ತದೆ. ನೆಲ ನೋಡಿ ಎರಡನ್ನೂ ಬೇರ್ಪಡಿಸಲಾಗದು. ನಾಳೆ ನೂರು ಜನ ಬಂದಾಗ ಮಾತ್ರ ಗೊತ್ತಾಗುತ್ತದೆ. ಶೂನ್ಯ ಎಂಬ ಮಾತಿಗೆ ವಚನಕಾರರ ನಾಡಿನಲ್ಲಿ ಇನ್ನೂ ದೊಡ್ಡ ಅರ್ಥಗಳಿವೆ, ಅಷ್ಟು ದೂರ ನಾನು ಹೋಗುತ್ತಿಲ್ಲ. ನಾನು ಹೇಳುತ್ತಿರುವುದು ಖಾಲಿತನದ ಸೊನ್ನೆ ಮತ್ತು ಕಸುವಿನ ಸೊನ್ನೆ ಎಂಬ ಎರಡರ ಬಗ್ಗೆ ಅಷ್ಟೇ.

ನಾನು ಮೂರು ವಾರ ಕೊಳೆ ತೆಗೆದು, ನೀರು ಬದಲಿಸಿ, ಬ್ಯಾಕ್ಟೀರಿಯಾಗಳಿಗೆ ಉಣ್ಣಲು ಏನೂ ಉಳಿಯದಂತೆ ನೋಡಿಕೊಂಡಿದ್ದೆ. ಉಣ್ಣಲಿಲ್ಲದಲ್ಲಿ ಒಕ್ಕಲು ಬೆಳೆಯುವುದಿಲ್ಲ. ನನ್ನದು ಖಾಲಿತನದ ಸೊನ್ನೆ. ಎರಡು ಮೀನು ಇಳಿದ ಕೂಡಲೇ ಅದು ಒಡೆಯಿತು. ಶನಿವಾರ ಅಮೋನಿಯಾ ಲೀಟರಿಗೆ ಒಂದು ಮಿಲಿಗ್ರಾಮಿಗೆ ಮುಟ್ಟಿತ್ತು. ಕೆರೆ, ಬಾವಿಗಳ ನೀರಿಗಿಂತ ಸಮುದ್ರದ ನೀರಿನಲ್ಲಿ ಇದು ಹೆಚ್ಚು ಅಪಾಯ. ಪಿಎಚ್ ಒಂದು ಅಂಕ ಏರಿದರೆ ಅಮೋನಿಯಾದ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲೆಯೇ. ತೊಟ್ಟಿ ಚಿಕ್ಕದಾದಷ್ಟೂ ಕ್ಷಮೆ ಕಡಿಮೆ. ದೊಡ್ಡ ನೀರಿನಲ್ಲಿ ಕರಗಿಹೋಗುವ ತಪ್ಪು ಇಪ್ಪತ್ತು ಲೀಟರಿನಲ್ಲಿ ಎಲ್ಲಿಗೂ ಹೋಗುವುದಿಲ್ಲ.

ಗಾಬರಿಯಲ್ಲಿ ನಾನು ಜಿಯೋಲೈಟ್ ಪೊಟ್ಟಣ ಬಿಚ್ಚಿ ಸುರಿದೆ. ಅಮೋನಿಯಾ ಹೀರುವ ಖನಿಜ ಎಂದು ಅದರ ಮೇಲೆ ಬರೆದಿತ್ತು. ನಿಜವೇ, ಸಿಹಿನೀರಿನಲ್ಲಿ ಹೀರುತ್ತದೆ. ಉಪ್ಪುನೀರಿನಲ್ಲಿ ಅದರ ಒಳಗಿನ ಜಾಗವನ್ನೆಲ್ಲ ಸೋಡಿಯಂ, ಪೊಟ್ಯಾಸಿಯಂ ಮೊದಲೇ ಹಿಡಿದು ಕೂರುತ್ತವೆ. ಅಮೋನಿಯಾಕ್ಕೆ ಅಲ್ಲಿ ಕಾಲಿಡಲು ಜಾಗವಿಲ್ಲ. ಇದನ್ನು ನಾನು ಓದಿದ್ದು ಮೀನು ಸತ್ತ ಮೇಲೆ.

*

ಅಂಗಡಿಯವರಿಗೆ ಫೋನ್ ಮಾಡಿದಾಗ ಅವರು ಸಮಾಧಾನವಾಗಿಯೇ ಹೇಳಿದರು. ಎಲ್ಲರೂ ಹೀಗೇ ಮಾಡುವುದು. ಡ್ಯಾಮ್ಸೆಲ್ ಮೀನು ಗಟ್ಟಿ ಜಾತಿ. ಹೊಸ ತೊಟ್ಟಿಗೆ ಮೊದಲು ಅದನ್ನು ಬಿಡಬೇಕು, ಅದರ ಗಲೀಜಿನಿಂದ ನೀರು ಹದಕ್ಕೆ ಬರುತ್ತದೆ, ಬದುಕಿದರೆ ಬದುಕಿತು, ಆಮೇಲೆ ಚೆಂದದ ಮೀನು ತರಬಹುದು. ಇದು ಅವರೊಬ್ಬರ ಮಾತಲ್ಲ. ಜಗತ್ತಿನಾದ್ಯಂತ ಈ ಹವ್ಯಾಸದಲ್ಲಿ ಬಹಳ ವರ್ಷ ನಡೆದುಬಂದ ಪದ್ಧತಿ.

'ಗಟ್ಟಿ' ಎಂಬ ಆ ಪದ ನನ್ನ ತಲೆಯಲ್ಲಿ ಉಳಿಯಿತು. ಗಟ್ಟಿ ಮೀನು ಎಂದರೆ ಅಮೋನಿಯಾ ಸುಡದ ಮೀನಲ್ಲ. ಅದರ ಕಿವಿರೂ ಸುಡುತ್ತದೆ. ಬೇಗ ಸಾಯುವುದಿಲ್ಲ ಎಂಬುದಷ್ಟೇ ಅದರ ಗಟ್ಟಿತನ. ಅಂದರೆ ಹೆಚ್ಚು ಹೊತ್ತು ನೋಯಬಲ್ಲದು. ನಾವು ಭಾರ ಹೊರಿಸಲು ಯಾವಾಗಲೂ ಗಟ್ಟಿಯವರನ್ನೇ ಹುಡುಕುತ್ತೇವೆ. ಅವರು ನೋವನ್ನು ತೋರಿಸುವುದಿಲ್ಲ, ಆದ್ದರಿಂದ ನಮ್ಮ ಮನಸ್ಸಿಗೆ ಚುಚ್ಚುವುದಿಲ್ಲ. ಮನೆಯಲ್ಲಿ ಹಿರಿಮಗಳು ಗಟ್ಟಿ ಎನ್ನುತ್ತೇವೆ. ಗುಳೆ ಹೋಗುವ ಕುಟುಂಬದಲ್ಲಿ ಮೊದಲು ಹೊರಡುವ ಹುಡುಗ ಗಟ್ಟಿ ಎನ್ನುತ್ತೇವೆ. ಚರಂಡಿಗೆ ಇಳಿಯುವವನು ಗಟ್ಟಿ ಎಂದೇ ಅವನಿಗೆ ಕೈಗವಸೂ ಕೊಡದೆ ಇಳಿಸುತ್ತೇವೆ. ಗಟ್ಟಿ ಎಂಬುದು ಹೊಗಳಿಕೆಯಂತೆ ಕೇಳಿಸುವ ಅನುಮತಿ ಪತ್ರ. ಅದನ್ನು ಬರೆದುಕೊಳ್ಳುವವರು ನಾವು, ಸಹಿ ಮಾತ್ರ ಅವರದ್ದು ಎಂದುಕೊಳ್ಳುತ್ತೇವೆ.

ಮೀನನ್ನೂ ಮನುಷ್ಯರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಸಾವಿರಾರು ಜನ ಮೀನು ತಿಂದೇ ಬದುಕುವಾಗ ಉಗುರಿನಷ್ಟು ಮೀನಿಗಾಗಿ ಅಳುವುದು ಉಳ್ಳವರ ಚೋದ್ಯ ಎಂದು ಗೆಳತಿಯೊಬ್ಬಳು ಹೇಳಿದಳು. ಅವಳ ಮಾತಿನಲ್ಲಿ ಸತ್ಯವಿದೆ. ಆದರೆ ತಿನ್ನುವವರಿಗೆ ಹಸಿವು ಎಂಬ ಕಾರಣವಿದೆ. ನನಗಿದ್ದದ್ದು ಅವಸರ ಮಾತ್ರ. ಸಿಹಿನೀರಿನ ಅಲಂಕಾರದ ಮೀನುಗಳನ್ನು ಬಹುಪಾಲು ಸಾಕಿ ಬೆಳೆಸುತ್ತಾರೆ. ಉಪ್ಪುನೀರಿನವು ಇಂದಿಗೂ ಹೆಚ್ಚಾಗಿ ಹವಳದ ದಿಬ್ಬಗಳಿಂದ ಹಿಡಿದು ತಂದವು. ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯಂಥ ಕಡೆ ಕ್ಲೌನ್ ಮೀನು ಮೊದಲಾದವುಗಳ ಮರಿ ಮಾಡುವ ವಿಧಾನ ರೂಪಿಸಿದ್ದಾರೆ, ಆದರೂ ಅದು ಪೂರ್ತಿ ಉತ್ತರವಲ್ಲ. ನಾನು ತರಿಸಿದ ನೀಲಿ ಮೀನು ಬಹುಶಃ ಯಾವುದೋ ಕಡಲಲ್ಲಿ ಹುಟ್ಟಿ, ಯಾರದೋ ಬಲೆಗೆ ಬಿದ್ದು, ಬಂದರು ಊರು ದಾಟಿ, ಬಸ್ಸು ಹತ್ತಿ ಎರೆಭೂಮಿಯ ಊರಿಗೆ ಬಂದಿತ್ತು. ಅಷ್ಟು ದೂರ ಬಂದದ್ದಕ್ಕೆ ನಾನು ಕೊಟ್ಟ ಕೆಲಸ, ನನ್ನ ತೊಟ್ಟಿಯ ಸೊನ್ನೆ ಯಾವ ಬಗೆಯದ್ದು ಎಂದು ಸತ್ತು ತೋರಿಸುವುದು.

ಇನ್ನೂ ಚುಚ್ಚುವ ಸಂಗತಿ ಬೇರೆ ಇದೆ. ಮೀನಿಲ್ಲದೆಯೇ ನೀರನ್ನು ಹದಕ್ಕೆ ತರುವ ದಾರಿಯಿದೆ. ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಅಮೋನಿಯಾ, ಅದು ಎಲ್ಲಿಂದ ಬಂದರೂ ಅವಕ್ಕೆ ಒಂದೇ. ತೊಟ್ಟಿಗೆ ತುಸು ಅಮೋನಿಯಂ ಕ್ಲೋರೈಡ್ ಹಾಕಿ, ಅದು ಒಂದು ದಿನದೊಳಗೆ ಕರಗಿ ಸೊನ್ನೆಗೆ ಬರುವ ತನಕ ಕಾಯುವುದು. ಆಗ ಬರುವುದು ಕಸುವಿನ ಸೊನ್ನೆ. ನನ್ನ ಇಪ್ಪತ್ತು ಲೀಟರಿಗೆ ಒಂದು ಸಲಕ್ಕೆ ಬೇಕಾಗಿದ್ದದ್ದು ಸುಮಾರು 120 ಮಿಲಿಗ್ರಾಂ. ಅಮೋನಿಯಂ ಕ್ಲೋರೈಡ್ ಎಂದರೆ ಪ್ರಯೋಗಾಲಯದ ಹೆಸರಾಯಿತು. ನಮ್ಮವರಿಗೆ ಅದು ನವಸಾಗರ. ಚಿಕ್ಕವಳಿದ್ದಾಗ ಓಣಿಗೆ ಕಲಾಯಿಯವನು ಬರುತ್ತಿದ್ದ. ಹಿತ್ತಾಳೆ ಪಾತ್ರೆ ಕಾಯಿಸಿ, ಚಿಟಿಕೆ ನವಸಾಗರ ಉದುರಿಸಿ ಅರಿವೆಯಿಂದ ಉಜ್ಜಿದರೆ ಬಿಳಿ ಹೊಗೆ ಏಳುತ್ತಿತ್ತು, ಒಳಗೆ ತವರ ಬೆಳ್ಳಿಯಂತೆ ಹರಡುತ್ತಿತ್ತು. ಆ ಹೊಗೆಯ ಘಾಟು ಇನ್ನೂ ಮೂಗಿನಲ್ಲಿದೆ. ಗೆಳತಿಯ ಪ್ರಯೋಗಾಲಯದಲ್ಲಿ ಅದರ ಶುದ್ಧ ರೂಪ ಸೀಸೆಗಟ್ಟಲೆ ಇತ್ತು. ಒಂದು ಚಿಟಿಕೆ ನವಸಾಗರ ಮಾಡುವ ಕೆಲಸವನ್ನು ನಾನು ಒಂದು ಜೀವದಿಂದ ಮಾಡಿಸಿದೆ.

*

ಇಷ್ಟಕ್ಕೆ ನಿಲ್ಲಿಸಿದರೆ ಈ ಬರಹ ತಾಳ್ಮೆಯ ಮೇಲೊಂದು ನೀತಿಪಾಠವಾಗುತ್ತದೆ. ಕೃತಕವಾಗಿ ಸೋಸಬೇಡಿ, ಕಾಯಿರಿ, ಪ್ರಕೃತಿ ತಾನೇ ನೋಡಿಕೊಳ್ಳುತ್ತದೆ. ಈ ಮಾತು ಕೇಳಲು ಹಿತ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಯಾಕೆಂದರೆ ತೊಟ್ಟಿಯಲ್ಲಿ ಇನ್ನೊಂದು ಮೀನು ಬದುಕಿತ್ತು.

ಅದು ಮೂಲೆಯಲ್ಲಿ ನಿಂತು ಬೇಗ ಬೇಗ ಬಾಯಿ ತೆರೆಯುತ್ತಿತ್ತು. ಅದರ ಮುಂದೆ ಕುಳಿತು ನೀರು ಹದಕ್ಕೆ ಬರಲಿ, ಕಾಯೋಣ ಎಂದು ಹೇಳಲು ನನಗೆ ಯಾವ ಹಕ್ಕೂ ಇರಲಿಲ್ಲ. ಕಾಯುವವಳು ನಾನು, ಸುಡುವುದು ಅದರ ಕಿವಿರು. ಅಂದಿನಿಂದ ಸುಮಾರು ಒಂದು ತಿಂಗಳು ದಿನಾ ನೀರು ಬದಲಿಸಿದೆ. ಮೊದಲ ವಾರ ದಿನಕ್ಕೆ ಅರ್ಧ ತೊಟ್ಟಿ. ಆರ್‌ಓ ಕ್ಯಾನ್ ಹೊತ್ತು ಮೆಟ್ಟಿಲು ಹತ್ತಿ, ಉಪ್ಪು ತೂಗಿ, ಕಲಸಿ, ಬೆಚ್ಚಗಾಗಲು ಬಿಟ್ಟು ಹಾಕಿದೆ. ಅಮೋನಿಯಾದ ವಿಷ ಕಡಿಮೆ ಮಾಡುತ್ತದೆ ಎನ್ನುವ ದ್ರವವನ್ನೂ ತರಿಸಿದೆ. ಹೀಗೆ ಮಾಡಿದ್ದರಿಂದ ನೀರು ಹದಕ್ಕೆ ಬರುವುದು ನಿಧಾನವಾಯಿತು, ನಿಜ. ಬ್ಯಾಕ್ಟೀರಿಯಾಗಳ ತುತ್ತನ್ನು ನಾನು ಕಸಿಯುತ್ತಿದ್ದೆ. ಆದರೂ ಅದೇ ಸರಿಯಾದ ಕೆಲಸವಾಗಿತ್ತು.

ಇದನ್ನು ಬಬಲೇಶ್ವರದ ಸೋದರಮಾವನ ಮನೆಗೆ ಹೋದಾಗ ಹೇಳಿದೆ. ಮಾಮಾ ಮೀನಿನ ಕತೆ ಕೇಳಿ ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. ಓಣಿಯ ತುದಿಯ ಶುದ್ಧ ಕುಡಿಯುವ ನೀರಿನ ಘಟಕದ ಕಡೆ ಕೈ ಮಾಡಿದ. ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಯಂತ್ರ. ಜಿಲ್ಲೆಯ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್ ಹೆಚ್ಚಿರುವುದು ಗೊತ್ತಿದ್ದದ್ದೇ. "ನೋಡವ್ವಾ, ಕೆರಿ ತುಂಬ್ಲಿ, ಬಾಂವಿ ಸೆಲಿ ಬರ್ಲಿ, ನೆಲದಾಗಿನ ನೀರ ಛೊಲೋ ಆಗ್ಲಿ ಅಂತ ಹುಡುಗೂರಿಗೆ ಹತ್ತ ವರ್ಷ ಅದ ನೀರ ಕುಡಸಾಕ ಆಗ್ತೈತೇನು? ಇವತ್ತ ಕುಡಿಯೂದು ಇವತ್ತ ಬೇಕು. ಆದ್ರ ಈ ಮಷಿನ್ ಬಂತಂತ ಕೆರಿ ಮರತ್ವಿ ಅಂದ್ರ ಮುಗೀತು ನಮ್ ಕತಿ."

ಮಾಮಾನ ಮಾತಿನಲ್ಲಿ ನಾನು ಹುಡುಕುತ್ತಿದ್ದದ್ದು ಸಿಕ್ಕಿತು. ಈಗಾಗಲೇ ನೀರಿನಲ್ಲಿರುವ ಜೀವಕ್ಕಾಗಿ ಸೋಸುವುದು ಒಂದು. ಜೀವವನ್ನು ನೀರಿಗೆ ಇಳಿಸುವ ನನ್ನ ಅವಸರಕ್ಕಾಗಿ ಸೋಸುವುದು ಇನ್ನೊಂದು. ಎರಡರಲ್ಲೂ ಇದ್ದಿಲು ಒಂದೇ, ಪೊಟ್ಟಣ ಒಂದೇ, ಕೈ ಒಂದೇ. ಮೊದಲನೆಯದು ಆರೈಕೆ, ಎರಡನೆಯದು ಮರೆಮಾಚುವಿಕೆ. ಹಾಗೆಯೇ ತಾಳ್ಮೆಯೂ ಎರಡು ಬಗೆ. ಕಾಯುವುದರ ಬೆಲೆಯನ್ನು ಕಾಯುವವನೇ ತೆತ್ತರೆ ಅದು ಸದ್ಗುಣ. ಬೇರೆಯವರಿಂದ ತೆರಿಸಿ ತಾನು ಕಾಯುತ್ತ ಕೂತರೆ ಅದು ಬರಿಯ ಸೌಕರ್ಯ. ಇನ್ನೊಬ್ಬರ ನೋವಿಗೆ ಕಾಲವೇ ಮದ್ದು ಎನ್ನುವವರನ್ನು ಕಂಡರೆ ನನಗೆ ಈಗ ಮೊದಲು ಬರುವ ಪ್ರಶ್ನೆ: ಈ ಕಾಲದ ಬಾಡಿಗೆ ಯಾರು ಕಟ್ಟುತ್ತಿದ್ದಾರೆ?

ಮಾಮಾನ ಎರಡನೆಯ ವಾಕ್ಯವನ್ನೂ ಬಿಡುವಂತಿಲ್ಲ. ಸೋಸುವ ಯಾವ ಯಂತ್ರವೂ ಕೊಳೆಯನ್ನು ಇಲ್ಲವಾಗಿಸುವುದಿಲ್ಲ, ಜಾಗ ಬದಲಿಸುತ್ತದೆ. ಆರ್‌ಓ ಬೇರ್ಪಡಿಸಿದ ಲವಣ ಇನ್ನೊಂದು ಪೈಪಿನಿಂದ ಚರಂಡಿಗೆ, ಚರಂಡಿಯಿಂದ ನೆಲಕ್ಕೆ ಹೋಗುತ್ತದೆ. ಇದ್ದಿಲಿನ ರಂಧ್ರಗಳು ತುಂಬಿದ ಮೇಲೆ ಅದು ಏನನ್ನೂ ಹಿಡಿಯುವುದಿಲ್ಲ, ತೆಗೆದು ಬಿಸಾಡಬೇಕು. ಅರಗಿಸಿಕೊಳ್ಳುವುದು ಜೀವವಿದ್ದದ್ದು ಮಾತ್ರ. ಕೆರೆ ಅರಗಿಸಿಕೊಳ್ಳುತ್ತದೆ, ಮಣ್ಣು ಅರಗಿಸಿಕೊಳ್ಳುತ್ತದೆ, ಹದಕ್ಕೆ ಬಂದ ತೊಟ್ಟಿಯ ಕಲ್ಲು ಅರಗಿಸಿಕೊಳ್ಳುತ್ತದೆ. ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹ 1633ರಲ್ಲಿ ಕಟ್ಟಿಸಿದ ಕೆರೆಗಳಿವೆ. ಮರುದಿನ ಅಲ್ಲಿಗೆ ಹೋಗಿ ಏರಿಯ ಮೇಲೆ ಸುಮ್ಮನೆ ನಿಂತು ಬಂದೆ. ಸುಮಾರು ನಾಲ್ಕು ನೂರು ವರ್ಷ ಹಳೆಯ ಏರಿಯ ಮುಂದೆ ನಾಲ್ಕು ವಾರ ಕಾಯಲಾರದ ನನ್ನ ಮೇಲೆ ನನಗೇ ನಗು ಬಂತು.

ವಿಜಯಪುರ ಊರೊಳಗೆ ಇನ್ನೂ ಅಲ್ಲಲ್ಲಿ ಎತ್ತರದ ಕಲ್ಲಿನ ಗೋಪುರಗಳು ನಿಂತಿವೆ. ಗಂಜ್ ಎನ್ನುತ್ತಾರೆ. ತೊರವಿಯ ಕಡೆಯಿಂದಲೂ, 1651ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದಲೂ ಮಣ್ಣಿನ ಕೊಳವೆಗಳಲ್ಲಿ ಬಂದ ನೀರು ಈ ಗೋಪುರಗಳಿಗೆ ಏರಿ, ತುಸು ನಿಂತು, ಮುಂದೆ ಹೋಗುತ್ತಿತ್ತು. ನೀರಿನ ಒತ್ತಡ ಕೊಳವೆಗಳನ್ನು ಒಡೆಯಬಾರದು, ಮಣ್ಣುಮಸಿ ತಳಕ್ಕೆ ಕೂರಬೇಕು ಎಂಬುದು ಉದ್ದೇಶ. ಆ ಎಂಜಿನಿಯರುಗಳು ಕಾಯುವುದನ್ನು ವ್ಯವಸ್ಥೆಯ ಒಳಗೇ ಕಟ್ಟಿದ್ದರು. ನೀರು ನಿಲ್ಲುವ ಹೊತ್ತಿನ ಬೆಲೆಯನ್ನು ಬಾಯಾರಿದವರಿಂದ ವಸೂಲಿ ಮಾಡದೆ ಗೋಪುರದ ಮೇಲೆ ಹೊರಿಸಿದ್ದರು. ದಿನಾ ಆ ದಾರಿಯಲ್ಲೇ ಓಡಾಡುವ ನನಗೆ ಅದು ಹೊಳೆದದ್ದು ಇಷ್ಟೆಲ್ಲ ಆದ ಮೇಲೆ.

*

ಏಪ್ರಿಲ್ ಮೊದಲ ವಾರ, ಎರಡು ದಿನ ನೀರು ಬದಲಿಸದೆ ಬಿಟ್ಟು ಪರೀಕ್ಷೆ ಮಾಡಿದೆ. ಮೀನು ಎಂದಿನಂತೆ ಉಂಡಿತ್ತು, ಎಂದಿನಂತೆ ಗಲೀಜು ಮಾಡಿತ್ತು. ನಳಿಕೆ ಹಳದಿ. ನೈಟ್ರೈಟೂ ಇಲ್ಲ. ನೈಟ್ರೇಟ್ ಮಾತ್ರ ಸಣ್ಣಗೆ ಏರಿತ್ತು. ಕಲ್ಲುಗಳ ಮೇಲೆ ಕಂದು ಪಾಚಿ ಹಬ್ಬಿ ತೊಟ್ಟಿ ನೋಡಲು ಹಿಂದೆಂದಿಗಿಂತ ಕೊಳಕಾಗಿತ್ತು. ಇದು ಎರಡನೆಯ ಸೊನ್ನೆ. ನಾನು ಕುಣಿಯಬೇಕಿತ್ತು. ಆದರೆ ಈ ಸೊನ್ನೆಗೆ ಸಂದ ಬೆಲೆ ನನಗೆ ಗೊತ್ತಿತ್ತು, ಅದರ ಬಹುಪಾಲು ನಾನು ಕೊಟ್ಟದ್ದಲ್ಲ ಎಂಬುದೂ ಗೊತ್ತಿತ್ತು.

ಇಪ್ಪತ್ತು ಲೀಟರ್ ಆ ಜಾತಿಯ ಮೀನಿಗೆ ಸಾಲದು ಎಂಬುದನ್ನೂ ನಾನು ತಡವಾಗಿ ಒಪ್ಪಿಕೊಂಡೆ. ಜೂನ್ ತಿಂಗಳಲ್ಲಿ ಅದನ್ನು ಹುಬ್ಬಳ್ಳಿಯಲ್ಲಿ ದೊಡ್ಡ ತೊಟ್ಟಿ ಇಟ್ಟಿರುವ ಪರಿಚಿತರಿಗೆ ಕೊಟ್ಟು ಬಂದೆ. ಅಲ್ಲಿ ಅದು ಬೇರೆ ಮೀನುಗಳನ್ನು ಅಟ್ಟಿಸಿಕೊಂಡು ತಿರುಗುತ್ತಿದೆಯಂತೆ. ಗಟ್ಟಿ ಜಾತಿ.

ಈಗ ನನ್ನ ತೊಟ್ಟಿಯಲ್ಲಿ ಮೀನಿಲ್ಲ. ಆದರೆ ಅದು ಖಾಲಿಯೂ ಅಲ್ಲ. ಕಲ್ಲಿನ ಮೇಲೆ ಒಕ್ಕಲಾದ ಆ ಕಾಣದ ಜೀವಿಗಳಿವೆ, ಉಣಿಸದಿದ್ದರೆ ಅವೂ ಕ್ಷೀಣಿಸುತ್ತವೆ. ಬೇಸಿಗೆಯಲ್ಲಿ ನಮ್ಮೂರ ಬಿಸಿಲಿಗೆ ದಿನಕ್ಕೆ ಅರ್ಧ ಲೀಟರಿನ ತನಕ ನೀರು ಆರುತ್ತಿತ್ತು, ಉಪ್ಪು ಹಾಗೆಯೇ ಉಳಿಯುತ್ತಿತ್ತು. ಅದಕ್ಕೆ ಗಾಜಿನ ಮೇಲೆ ಒಂದು ಗೆರೆ ಎಳೆದಿದ್ದೇನೆ. ಸಂಜೆ ಬಂದು ಗೆರೆಯ ತನಕ ಸಿಹಿನೀರು ಸುರಿಯುತ್ತೇನೆ. ಮೂರು ದಿನಕ್ಕೊಮ್ಮೆ ಒಂದು ಚಿಟಿಕೆಗೂ ಕಡಿಮೆ ನವಸಾಗರ ತೂಗಿ ಹಾಕುತ್ತೇನೆ. ಮರುದಿನ ನಳಿಕೆ ತೆಗೆದು ಹದಿನಾರು ಹನಿ ಎಣಿಸುತ್ತೇನೆ.

ಹೊಸ ಮೀನು ಯಾವಾಗ ತರುತ್ತಿ ಎಂದು ಅವ್ವ ಫೋನಿನಲ್ಲಿ ಕೇಳುತ್ತಾಳೆ. ನೀರು ಹದಕ್ಕೆ ಬಂದಿದೆ, ನಾನು ಇನ್ನೂ ಬಂದಿಲ್ಲ ಎನ್ನುತ್ತೇನೆ. ಅವ್ವನಿಗೆ ಅದು ತಮಾಷೆಯಾಗಿ ಕೇಳಿಸುತ್ತದೆ.